ದೋಣಿಯಲ್ಲದೆ ಬೇರೆ ದಾರಿಯಿರದಿದ್ದ ಲೇಡೆಯಲ್ಲಿ ಸೋರ್ಬಿಯನ್ ಭಾಷೆ ಏಕೆ ಉಳಿಯಲಿಲ್ಲ?

ನದಿಪಾತ್ರ (ಚರ್ಚೆ ಆರಂಭಿಸಿದವರು)

ಜರ್ಮನಿಯ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ, ಬರ್ಲಿನ್‌ನಿಂದ ಆಗ್ನೇಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಶ್ಪ್ರೇವಾಲ್ಡ್ ಎಂಬ ಜೌಗುನಾಡಿದೆ. ಅದರೊಳಗೆ, ಲ್ಯೂಬೆನಾವ್ ಪಟ್ಟಣದ ಪೂರ್ವಕ್ಕೆ ಎರಡು ಕಿ.ಮೀ. ಆಚೆ ಇರುವ ಲೇಡೆ ಎಂಬ ಪುಟ್ಟ ಊರಿನ ಬಗ್ಗೆ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಸೋರ್ಬಿಯನ್ನರು ಪೂರ್ವ ಜರ್ಮನಿಯಲ್ಲಿ ಶತಮಾನಗಳಿಂದ ನೆಲೆಸಿರುವ ಒಂದು ಸ್ಲಾವಿಕ್ ಜನ, ಅವರ ಭಾಷೆಗೆ ಕೆಳ (ಉತ್ತರದ) ಮತ್ತು ಮೇಲ್ (ದಕ್ಷಿಣದ) ಎಂಬ ಎರಡು ರೂಪಗಳಿವೆ. ಕೆಳ ಸೋರ್ಬಿಯನ್ ಭಾಷೆಯಲ್ಲಿ ಈ ಊರಿನ ಹೆಸರು ಲ್ಯೇಡಿ. ದಾಖಲೆಗಳಲ್ಲಿ ಈ ಊರು ಮೊದಲು ಕಾಣಿಸಿಕೊಳ್ಳುವುದು 1315ರಲ್ಲಿ. ಈಗ ಅಲ್ಲಿರುವವರು ನೂರೈವತ್ತರ ಆಸುಪಾಸು, ಆಡಳಿತದ ಮಟ್ಟಿಗೆ ಊರು ಲ್ಯೂಬೆನಾವ್ ನಗರಸಭೆಗೆ ಸೇರಿದೆ, ಇಡೀ ಊರೇ ಸಂರಕ್ಷಿತ ಸ್ಮಾರಕವಾಗಿದೆ.

ಮನೆಗಳೆಲ್ಲ ಸಣ್ಣ ಸಣ್ಣ ದಿಬ್ಬಗಳ ಮೇಲಿದ್ದು, ಪ್ರತಿ ಮನೆಯ ಮುಂದೆಯೂ ಬೀದಿಗೆ ಬದಲಾಗಿ ಶ್ಪ್ರೇ ನದಿಯ ಒಂದು ಕವಲು ಹರಿಯುತ್ತದೆ. 1929ರವರೆಗೆ ಈ ಊರಿಗೆ ನೆಲದ ಮೇಲಿನ ದಾರಿಯೇ ಇರಲಿಲ್ಲ. ಹಾಲು, ಹುಲ್ಲು, ದನ, ಮದುವೆಯ ದಿಬ್ಬಣ, ಶವಯಾತ್ರೆ ಎಲ್ಲವೂ ಚಪ್ಪಟೆ ತಳದ ಮರದ ದೋಣಿಯಲ್ಲೇ ಸಾಗುತ್ತಿದ್ದವು.

ನನ್ನ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಹೊರಗಿನವರು ಸುಲಭವಾಗಿ ಬರಲಾಗದ ಜಾಗಗಳಲ್ಲಿ ಹಳೆಯ ಭಾಷೆಗಳು ಹೆಚ್ಚು ಕಾಲ ಬಾಳುತ್ತವೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಲೇಡೆಯಷ್ಟು ದುರ್ಗಮವಾದ ಊರು ಆ ಪ್ರದೇಶದಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಅಲ್ಲಿ ಸೋರ್ಬಿಯನ್ ಇಂದು ಮನೆಮಾತಾಗಿ ಉಳಿದಿಲ್ಲ. ಅದೇ ಭಾಷಾ ಕುಟುಂಬದ ಮೇಲ್ ಸೋರ್ಬಿಯನ್ ಮಾತ್ರ, ದಕ್ಷಿಣದ ಸ್ಯಾಕ್ಸನಿಯ ಬಯಲಿನಲ್ಲಿ, ಎಲ್ಲ ದಿಕ್ಕಿನಿಂದಲೂ ರಸ್ತೆಯಿರುವ ಕ್ರೋಸ್ಟ್‌ವಿಟ್ಸ್‌ನಂತಹ ಊರುಗಳಲ್ಲಿ ಮಕ್ಕಳ ಬಾಯಲ್ಲಿ ಇಂದಿಗೂ ಇದೆ. ಭೂಗೋಳ ಹೇಳುವುದೊಂದು, ಚರಿತ್ರೆ ಮಾಡಿದ್ದು ಇನ್ನೊಂದು ಎಂಬಂತೆ ತೋರುತ್ತದೆ. ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಹಳೆನಕ್ಷೆ

ಪ್ರಶ್ನೆ ಚೆನ್ನಾಗಿದೆ, ಆದರೆ ಅದರ ಬುಡದಲ್ಲಿರುವ "ದುರ್ಗಮ" ಎಂಬ ಊಹೆಯನ್ನು ಮೊದಲು ಪರಿಶೀಲಿಸಬೇಕು. ಅದಕ್ಕೆ ಆ ನೆಲ ಹೇಗೆ ರೂಪುಗೊಂಡಿತು ಎಂಬುದರಿಂದಲೇ ಹೊರಡುವುದು ಒಳ್ಳೆಯದು.

ಕೊನೆಯ ಹಿಮಯುಗದಲ್ಲಿ ಉತ್ತರದಿಂದ ಬಂದ ಹಿಮದ ಹಾಳೆಯ ಅಂಚಿನಲ್ಲಿ ಕರಗಿದ ನೀರು ಪಶ್ಚಿಮಕ್ಕೆ ಹರಿದು ಅಗಲವಾದ, ಆಳವಿಲ್ಲದ ಕಣಿವೆಗಳನ್ನು ಕೊರೆಯಿತು. ಅವುಗಳಲ್ಲಿ ಒಂದಾದ ಬಾರುಟ್ ಕಣಿವೆಯಲ್ಲಿ ಶ್ಪ್ರೇವಾಲ್ಡ್ ಇದೆ. ದಕ್ಷಿಣದ ಬೆಟ್ಟಗಳಿಂದ ಇಳಿದು ಬರುವ ಶ್ಪ್ರೇ ನದಿ ಕಾಟ್‌ಬುಸ್ ದಾಟಿದ ಮೇಲೆ ಹೆಚ್ಚುಕಡಿಮೆ ಇಳಿಜಾರೇ ಇಲ್ಲದ ಈ ಕಣಿವೆಯನ್ನು ಹೊಕ್ಕು, ತಾನು ಹೊತ್ತು ತಂದ ಮರಳನ್ನು ಅಲ್ಲಲ್ಲೇ ಕೆಡವಿ, ತನ್ನದೇ ಮರಳು ಅಡ್ಡಬಂದು ನೂರಾರು ಕವಲುಗಳಾಗಿ ಒಡೆಯುತ್ತದೆ. ಕವಲುಗಳ ನಡುವೆ ನೀರು ನಿಂತು, ಕೊಳೆತ ಸಸ್ಯಗಳಿಂದ ಪೀಟ್ ಮಣ್ಣು ಕಟ್ಟಿಕೊಂಡಿತು. ಮರಳು ಸ್ವಲ್ಪ ಎತ್ತರಕ್ಕೆ ನಿಂತ ಕಡೆಗಳನ್ನು ಅಲ್ಲಿಯವರು ಕೌಪೆ ಎನ್ನುತ್ತಾರೆ. ಮನೆ ಕಟ್ಟಲು ಒಣ ನೆಲ ಸಿಗುತ್ತಿದ್ದದ್ದು ಈ ಕೌಪೆಗಳ ಮೇಲೆ ಮಾತ್ರ. ಲೇಡೆಯ ಮನೆಗಳು ಸಾಲಾಗಿ ನಿಲ್ಲದೆ ಚದುರಿಕೊಂಡಿರುವುದಕ್ಕೆ ಕಾರಣ ಇದೇ ಹೊರತು ಯಾವ ಸೋರ್ಬಿಯನ್ ವಾಸ್ತುಪದ್ಧತಿಯೂ ಅಲ್ಲ. ಸೋರ್ಬಿಯನ್ ಊರುಗಳೆಲ್ಲ ದುಂಡಗಿರುತ್ತವೆ, ಜರ್ಮನ್ ಊರುಗಳೆಲ್ಲ ಉದ್ದವಾಗಿರುತ್ತವೆ ಎಂಬಂತಹ ಹಳೆಯ ವರ್ಗೀಕರಣಗಳು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಹೊಲ ಉಳುವುದು ಕಷ್ಟವಾದ್ದರಿಂದ ಬದುಕು ನಿಂತದ್ದು ಹುಲ್ಲುಗಾವಲು, ದನ, ಮೀನು ಮತ್ತು ತರಕಾರಿಯ ಮೇಲೆ. ಕಾಲುವೆ ತೋಡಿದ ಮಣ್ಣನ್ನು ಏರಿಸಿ ಮಾಡಿದ ಪಾತಿಗಳಲ್ಲಿ ಸೌತೆಕಾಯಿ, ಈರುಳ್ಳಿ, ಕುಂಬಳ ಮತ್ತು ಮೂಲಂಗಿ ಜಾತಿಯ ಒಂದು ಖಾರದ ಗೆಡ್ಡೆಯನ್ನು ಬೆಳೆಯುತ್ತಿದ್ದರು. ಕೊಯ್ದ ಹುಲ್ಲು ನೆಲದ ತೇವಕ್ಕೆ ಕೊಳೆಯದಿರಲೆಂದು ರೆಂಬೆಗಳ ಅಟ್ಟಣೆಯ ಮೇಲೆ, ನಡುವೆ ಒಂದು ಕಂಬ ನೆಟ್ಟು, ಸುತ್ತ ಬಣವೆ ಒಟ್ಟುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತರಕಾರಿ ಬೆಳೆಯುವವನು ಮಾರುಕಟ್ಟೆಯಿಲ್ಲದೆ ಬದುಕಲಾರ. ಸೌತೆಕಾಯಿ ಮತ್ತು ಈರುಳ್ಳಿಯನ್ನು ಲ್ಯೂಬೆನಾವ್‌ಗೆ ಒಯ್ಯಲೇಬೇಕು, ಧಾನ್ಯವನ್ನು ಅಲ್ಲಿಂದ ತರಲೇಬೇಕು. ಉದ್ದನೆಯ ಗಳ ಊರಿ ದೋಣಿ ನೂಕಿಕೊಂಡು ಹೋದರೆ ಪಟ್ಟಣ ದೂರವೇನಲ್ಲ, ಅದೂ ಎತ್ತಿನ ಗಾಡಿ ಹೊರಲಾರದಷ್ಟು ಸರಕನ್ನು ಒಬ್ಬನೇ ಸಾಗಿಸಬಹುದು. ಕಾಲ್ನಡಿಗೆಯಲ್ಲಿ ಬರುವ ನಮ್ಮಂಥವರಿಗೆ ನೀರು ಅಡ್ಡಿಯಾಗಿ ಕಾಣುತ್ತದೆ, ಅಲ್ಲಿಯವರಿಗೆ ಅದೇ ರಾಜಮಾರ್ಗವಾಗಿತ್ತು. ಆದ್ದರಿಂದ ಲೇಡೆಯನ್ನು ಒಂಟಿ ದ್ವೀಪ ಎನ್ನುವುದಕ್ಕಿಂತ ಒಂದು ಜರ್ಮನ್ ಮಾರುಕಟ್ಟೆಯ ಹಿತ್ತಿಲು ಎನ್ನುವುದೇ ಸರಿ.

ತಾಳೆಗರಿ

"ಹಳೆನಕ್ಷೆ" ಅವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಮಾರುಕಟ್ಟೆಯೊಂದರಿಂದಲೇ ಭಾಷೆ ಬದಲಾಯಿತು ಎನ್ನಲಾಗದು. ಹಾಗಿದ್ದರೆ ಇದೇ ಶ್ಪ್ರೇವಾಲ್ಡ್‌ನ ಬುರ್ಗ್ ಗ್ರಾಮದಲ್ಲಿಯೂ ಅದೇ ಹೊತ್ತಿಗೆ ಭಾಷೆ ಹೋಗಬೇಕಿತ್ತು. ಅಲ್ಲಿಯೂ ಅದೇ ನೀರು, ಅದೇ ಸೌತೆಕಾಯಿ, ಅದೇ ದೋಣಿ. ಆದರೆ ಬುರ್ಗ್‌ನಲ್ಲಿ ಕೆಳ ಸೋರ್ಬಿಯನ್ ಬಹಳ ಕಾಲ ಹೆಚ್ಚು ಗಟ್ಟಿಯಾಗಿ ನಿಂತಿತು. ಆ ಭಾಷೆಯ ಹೆಸರಾಂತ ಕವಯಿತ್ರಿ ಮತ್ತು ಪತ್ರಕರ್ತೆ ಮಿನಾ ವಿಟ್ಕೊಯ್ಟ್ಸ್ 1893ರಲ್ಲಿ ಹುಟ್ಟಿದ್ದು ಅಲ್ಲಿಯೇ.

ವ್ಯತ್ಯಾಸಕ್ಕೆ ಕಾರಣ ನದಿಯಲ್ಲ, ಗಡಿ ಎಂಬುದು ನನ್ನ ವಾದ. ಈಗ ಪ್ರವಾಸಿ ನಕ್ಷೆಗಳಲ್ಲಿ ಒಂದೇ ಹಸಿರು ಪಟ್ಟಿಯಾಗಿ ಕಾಣುವ ಶ್ಪ್ರೇವಾಲ್ಡ್ ಶತಮಾನಗಳ ಕಾಲ ಇಬ್ಬರು ಅರಸರ ನಡುವೆ ಹಂಚಿಹೋಗಿತ್ತು. ಕಾಟ್‌ಬುಸ್ ಮತ್ತು ಅದಕ್ಕೆ ಸೇರಿದ ಬುರ್ಗ್ 15ನೇ ಶತಮಾನದಲ್ಲಿಯೇ ಬ್ರಾಂಡೆನ್‌ಬುರ್ಗ್ ಅರಸರ ಕೈಸೇರಿದವು. ಲ್ಯೂಬೆನಾವ್, ಲೇಡೆ, ಲ್ಯೂಬೆನ್ ಇತ್ಯಾದಿ ಸೇರಿದ್ದ ಕೆಳ ಲುಸಾಟಿಯಾ ಮೊದಲು ಬೊಹೆಮಿಯಾದ ಸಿಂಹಾಸನದ ಅಡಿಯಲ್ಲಿದ್ದು, 1635ರ ಪ್ರಾಗ್ ಒಪ್ಪಂದದಿಂದ ಸ್ಯಾಕ್ಸನಿಗೆ ಹೋಯಿತು, 1657ರಿಂದ ಸ್ಯಾಕ್ಸನಿ ಮನೆತನದ ಮೆರ್ಸೆಬುರ್ಗ್ ಶಾಖೆಯ ಪಾಲಾಯಿತು.

ಈ ಮೆರ್ಸೆಬುರ್ಗ್ ಶಾಖೆಯ ಕ್ರಿಸ್ಟಿಯಾನ್ ಒಂದನೆಯವನ ಕಾಲದಲ್ಲಿ, 1667-68ರಲ್ಲಿ, ಲ್ಯೂಬೆನ್‌ನ ಲೂಥರನ್ (ಪ್ರಾಟೆಸ್ಟಂಟ್) ಧರ್ಮಾಡಳಿತ ಮಂಡಳಿಯ ಮೂಲಕ ಸೋರ್ಬಿಯನ್ನರ ಭಾಷೆಯನ್ನು ಚರ್ಚಿನಿಂದ ತೊಡೆದುಹಾಕುವ ಆಜ್ಞೆಗಳು ಹೊರಟವು. ಸೋರ್ಬಿಯನ್ ಹಸ್ತಪ್ರತಿಗಳನ್ನೂ ಪುಸ್ತಕಗಳನ್ನೂ ಬಳಕೆಯಿಂದ ತೆಗೆಯಬೇಕು, ಜರ್ಮನ್ ಪಾದ್ರಿಗಳು ಮತ್ತು ಜರ್ಮನ್ ಶಾಲೆ ಬರಬೇಕು ಎಂಬುದು ಅವುಗಳ ಸಾರ. ಇದಕ್ಕೆ ನೂರು ವರ್ಷ ಮೊದಲಿನ ಸ್ಥಿತಿಯನ್ನು ನೆನೆದರೆ ನಷ್ಟದ ಪ್ರಮಾಣ ತಿಳಿಯುತ್ತದೆ. ಕೆಳ ಸೋರ್ಬಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕ, 1574ರ ಭಕ್ತಿಗೀತೆ ಮತ್ತು ಧರ್ಮಬೋಧೆಯ ಸಂಗ್ರಹ, ಸಿದ್ಧವಾದದ್ದು ಶ್ಪ್ರೇವಾಲ್ಡ್‌ನ ಅಂಚಿನ ಶ್ಟ್ರೌಪಿಟ್ಸ್‌ನ ಪಾದ್ರಿ ಅಲ್ಬಿನ್ ಮೊಲ್ಲರ್ ಅವರಿಂದ. ಅಂದರೆ ಈ ಭಾಷೆಯ ಬರಹ ಮೊಳೆತ ನೆಲದಲ್ಲಿಯೇ ಅದನ್ನು ಮೊದಲು ಚಿವುಟಲಾಯಿತು.

ಗಡಿಯಾಚೆಯ ಕಾಟ್‌ಬುಸ್ ಜಿಲ್ಲೆಯಲ್ಲಿ ನಡೆದದ್ದು ಬೇರೆ. ಬ್ರಾಂಡೆನ್‌ಬುರ್ಗ್ ಅರಸರೇ ಮುಂದೆ ಪ್ರಷ್ಯಾದ ಅರಸರಾದರು. ಅವರು ಉದಾರಿಗಳಾಗಿದ್ದರು ಎಂದು ಯಾರೂ ಹೇಳಲಾರರು, ಅವರ ನೀತಿಯೂ ಅರಸನಿಂದ ಅರಸನಿಗೆ ಬದಲಾಗುತ್ತಿತ್ತು. ಆದರೂ ಅಲ್ಲಿ 1709ರಲ್ಲಿ ಗೊಟ್ಲೀಬ್ ಫಾಬ್ರಿಟ್ಸಿಯುಸ್ ಅವರ ಕೆಳ ಸೋರ್ಬಿಯನ್ ಹೊಸ ಒಡಂಬಡಿಕೆ ಅಚ್ಚಾಯಿತು, 1796ರಲ್ಲಿ ಹಳೆಯ ಒಡಂಬಡಿಕೆಯೂ ಬಂತು, 1848ರಲ್ಲಿ ವಾರಪತ್ರಿಕೆಯೂ ಶುರುವಾಯಿತು. ಲೇಡೆಯ ಹುಡುಗ ಭಾನುವಾರ ಕೇಳುತ್ತಿದ್ದದ್ದು ಯಾವ ಭಾಷೆ, ಬುರ್ಗ್‌ನ ಹುಡುಗ ಕೇಳುತ್ತಿದ್ದದ್ದು ಯಾವ ಭಾಷೆ ಎಂಬುದನ್ನು ಈ ಗಡಿ ತೀರ್ಮಾನಿಸಿತು. ಲೇಡೆಗೆ ತನ್ನದೇ ಚರ್ಚ್ ಇಲ್ಲ, ಪ್ರಾರ್ಥನೆಗೆ ಲ್ಯೂಬೆನಾವ್‌ಗೇ ಹೋಗಬೇಕಿತ್ತು ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ. 1815ರ ವಿಯೆನ್ನಾ ಸಮ್ಮೇಳನದಲ್ಲಿ ಕೆಳ ಲುಸಾಟಿಯಾ ಪೂರ್ತಿಯಾಗಿ ಪ್ರಷ್ಯಾಕ್ಕೆ ಬಂದು ಆ ಗಡಿ ಅಳಿಸಿಹೋಗುವ ಹೊತ್ತಿಗೆ ಅದರ ಎರಡು ಬದಿಯ ಊರುಗಳ ನಡುವೆ ಭಾಷೆಯ ಅಂತರ ಬೆಳೆದುಬಿಟ್ಟಿತ್ತು.

ಬೆಳ್ಳಿಚುಕ್ಕಿ

ತಾಳೆಗರಿ ಅವರೇ, ಒಂದು ಆಕ್ಷೇಪವಿದೆ. 17ನೇ ಶತಮಾನದ ಸಣ್ಣ ಅರಸೊತ್ತಿಗೆಯೊಂದರ ಆಜ್ಞೆಗೆ ಅಷ್ಟು ಬಲವಿತ್ತೇ? ಆ ಕಾಲದ ಆಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಬೇಕಾಗುತ್ತಿದ್ದದ್ದೇ ಅವು ಜಾರಿಯಾಗುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ಇತಿಹಾಸಕಾರರು ಹೇಳುವುದುಂಟು. ಮನೆಯೊಳಗೆ ತಾಯಿ ಮಗುವಿಗೆ ಏನು ಹೇಳಬೇಕೆಂದು ಲ್ಯೂಬೆನ್‌ನ ಮಂಡಳಿ ತೀರ್ಮಾನಿಸಲು ಸಾಧ್ಯವಿರಲಿಲ್ಲ.

ತಾಳೆಗರಿ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆಜ್ಞೆ ಹೊರಟ ಮರುದಿನ ಯಾರೂ ಮಾತು ಬದಲಿಸಲಿಲ್ಲ. ಲ್ಯೂಬೆನಾವ್ ಸುತ್ತಲಿನ ಹಳ್ಳಿಗಳಲ್ಲಿ ಅದರ ನಂತರವೂ ಹಲವು ತಲೆಮಾರು ಸೋರ್ಬಿಯನ್ ಆಡುತ್ತಿದ್ದವು. ಆಜ್ಞೆ ಮಾಡಿದ್ದು ಬೇರೆ ಕೆಲಸ. ಅದು ಭಾಷೆಯನ್ನು ಓದು ಬರಹ ಬಲ್ಲವರಿಂದ ಕಸಿದು ಅಡುಗೆಮನೆಗೆ ಮತ್ತು ದನದ ಕೊಟ್ಟಿಗೆಗೆ ಸೀಮಿತಗೊಳಿಸಿತು. ಪಾದ್ರಿಯೂ ಮೇಷ್ಟರೂ ಬಳಸದ ಭಾಷೆಯನ್ನು ಮಕ್ಕಳಿಗೆ ಕಲಿಸುವುದರಿಂದ ಏನು ಪ್ರಯೋಜನ ಎಂಬ ಲೆಕ್ಕಾಚಾರ 19ನೇ ಶತಮಾನದಲ್ಲಿ ಶುರುವಾದಾಗ ಆ ಭಾಷೆಯ ಪರವಾಗಿ ಮಾತನಾಡುವ ಒಂದು ಸಂಸ್ಥೆಯೂ ಅಲ್ಲಿರಲಿಲ್ಲ.

ಸಮೀಪದ ಫೆಟ್ಶಾವ್ ಪಟ್ಟಣದಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಚರ್ಚುಗಳಿವೆ. ಒಂದು ಸೋರ್ಬಿಯನ್ ರೈತರಿಗೆ, ಇನ್ನೊಂದು 1690ರ ದಶಕದಲ್ಲಿ ಕಟ್ಟಿದ್ದು, ಜರ್ಮನ್ನರಿಗೆ. ಒಂದೇ ದೇವರಿಗೆ ಎರಡು ಬಾಗಿಲು ಇಟ್ಟ ಆ ಕಟ್ಟಡವನ್ನು ನೋಡಿದರೆ, ಯಾವ ಬಾಗಿಲಿನಿಂದ ಹೋದರೆ ಮರ್ಯಾದೆ ಹೆಚ್ಚು ಎಂಬುದು ಅಂದಿನ ರೈತನಿಗೆ ಹೊಳೆಯದೆ ಇರಲು ಸಾಧ್ಯವಿರಲಿಲ್ಲ ಎನಿಸುತ್ತದೆ.

ಕಾಟ್‌ಬುಸ್‌ವಾಸಿ

ಓದಿನ ನಿಮಿತ್ತ ಕಾಟ್‌ಬುಸ್‌ನಲ್ಲಿರುವುದರಿಂದ ಈಗಿನ ಸ್ಥಿತಿಯ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಇಲ್ಲಿ ರೈಲು ನಿಲ್ದಾಣದ ಹೆಸರಿನಿಂದ ಹಿಡಿದು ಬೀದಿಯ ಫಲಕಗಳವರೆಗೆ ಎರಡು ಭಾಷೆಗಳಿವೆ. 1952ರಲ್ಲಿ ಆರಂಭವಾದ ಕೆಳ ಸೋರ್ಬಿಯನ್ ಪ್ರೌಢಶಾಲೆಯಿದೆ. 1998ರಲ್ಲಿ ನಗರದ ಅಂಚಿನ ಜೀಲೋವ್‌ನಲ್ಲಿ, ಫ್ರಾನ್ಸಿನ ಬ್ರೆಟನ್ ಶಾಲೆಗಳ ಮಾದರಿಯಲ್ಲಿ, ಮಕ್ಕಳೊಂದಿಗೆ ಸೋರ್ಬಿಯನ್ನಿನಲ್ಲಿಯೇ ಮಾತನಾಡುವ ವಿಟಾಯ್ ಶಿಶುವಿಹಾರ ತೆರೆಯಿತು. ಆ ಮಕ್ಕಳಲ್ಲಿ ಬಹುಪಾಲು ಜನರ ಮನೆಮಾತು ಜರ್ಮನ್. ಅಜ್ಜಿಯಿಂದ ಬರಬೇಕಾದದ್ದು ಶಿಕ್ಷಕಿಯಿಂದ ಬರುತ್ತಿದೆ.

ಲೇಡೆಯಲ್ಲಿ ಸಿಗುವುದು ಬೇರೆ ಬಗೆಯ ನೆನಪು. ಅಲ್ಲಿಯ ಬಯಲು ವಸ್ತುಸಂಗ್ರಹಾಲಯ 1957ರದ್ದು, ಬ್ರಾಂಡೆನ್‌ಬುರ್ಗ್‌ನಲ್ಲಿ ಈ ಬಗೆಯದರಲ್ಲಿ ಅತ್ಯಂತ ಹಳೆಯದು. ಶ್ಪ್ರೇವಾಲ್ಡ್‌ನ ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಗೋಡೆ, ಜೊಂಡಿನ ದಪ್ಪ ಮಾಡು, ಮಾಡಿನ ತುದಿಯಲ್ಲಿ ಹೆಣೆದುಕೊಂಡ ಎರಡು ಹಾವಿನ ತಲೆಗಳು. ಮನೆಯನ್ನು ಕಾಯುವ ಹಾವಿನ ಕಥೆಗಳು ಸೋರ್ಬಿಯನ್ನರಲ್ಲಿ ಹೇರಳವಾಗಿವೆ. ನನಗೆ ಇಷ್ಟವಾದದ್ದು ಇಡೀ ಕುಟುಂಬ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ವ್ಯವಸ್ಥೆಯನ್ನು ಹಾಗೆಯೇ ತೋರಿಸಿರುವುದು. ಬಡತನವನ್ನು ಮುಚ್ಚಿಟ್ಟು ಸೊಬಗನ್ನಷ್ಟೇ ತೋರಿಸುವ ಸಂಗ್ರಹಾಲಯಗಳೇ ಹೆಚ್ಚು, ಇದು ಹಾಗಿಲ್ಲ.

ಆದರೆ ಹೊರಗೆ ಬಂದರೆ ಸೋರ್ಬಿಯನ್ ಗುರುತು ಬಹುಮಟ್ಟಿಗೆ ಉಡುಪಿನಲ್ಲಿ ಮತ್ತು ಊಟದ ಪಟ್ಟಿಯಲ್ಲಿ ಉಳಿದಿದೆ. ದೊಡ್ಡ ರೆಕ್ಕೆಗಳಂತೆ ಚಾಚಿಕೊಳ್ಳುವ, ಲಾಪಾ ಎಂಬ ಕಸೂತಿಯ ತಲೆಯುಡುಗೆಯನ್ನು ಬಂದವರಿಗಾಗಿ ತೊಡುವವರಿದ್ದಾರೆ. ಬೇಯಿಸಿದ ಆಲೂಗಡ್ಡೆ, ಕ್ವಾರ್ಕ್ ಎಂಬ ಮೊಸರಿನಂಥ ಗಿಣ್ಣು, ಮೇಲೆ ಅಗಸೆ ಎಣ್ಣೆ, ಇದು ಬಡವರ ಊಟವಾಗಿದ್ದು ಈಗ ಪ್ರವಾಸಿಗಳ ಊಟವಾಗಿದೆ.

ನದಿಪಾತ್ರ

ಎಲ್ಲರಿಗೂ ಧನ್ಯವಾದಗಳು. ಪ್ರವಾಸಿಗಳ ಮಾತು ಬಂದುದರಿಂದ ಕೇಳುತ್ತೇನೆ: ಅವರು ಬರತೊಡಗಿದ್ದು ಯಾವಾಗ, ಭಾಷೆಯ ಮೇಲೆ ಅದರಿಂದ ಏನಾದರೂ ಪರಿಣಾಮವಾಯಿತೇ? ಕ್ರೋಸ್ಟ್‌ವಿಟ್ಸ್ ಬಗ್ಗೆಯೂ ಇನ್ನೂ ಯಾರೂ ಬರೆದಿಲ್ಲ.

ಹಳೆನಕ್ಷೆ

ಲೇಖಕ ಥಿಯೊಡೊರ್ ಫೊಂಟಾನೆ 1859ರಲ್ಲಿ ಬಂದು ಲೇಡೆಯನ್ನು ಸಾವಿರದ ಐನೂರು ವರ್ಷ ಹಿಂದಿನ ವೆನಿಸ್‌ಗೆ ಹೋಲಿಸಿದರು. ಆ ಹೋಲಿಕೆಯನ್ನು ಇಂದಿಗೂ ಪ್ರತಿ ದೋಣಿಯವನೂ ಹೇಳುತ್ತಾನೆ. ಆದರೆ ಊರನ್ನು ಬದಲಿಸಿದ್ದು ರೈಲು. 1866ರಲ್ಲಿ ಬರ್ಲಿನ್‌ನಿಂದ ಲ್ಯೂಬೆನಾವ್ ಮಾರ್ಗವಾಗಿ ಕಾಟ್‌ಬುಸ್‌ವರೆಗೆ ಹಳಿ ಬಂತು. 1882ರಲ್ಲಿ ಪಾವುಲ್ ಫಾಲಿಶ್ ಎಂಬ ಲ್ಯೂಬೆನಾವ್‌ನ ಶಿಕ್ಷಕರು ವ್ಯವಸ್ಥಿತ ಪ್ರವಾಸಗಳನ್ನು ಆರಂಭಿಸಿದರು. ಹುಲ್ಲು ಹೊರುತ್ತಿದ್ದ ದೋಣಿಗಳಿಗೆ ಬೆಂಚುಗಳು ಬಂದವು. 1897ರಿಂದ ಅಂಚೆಯೂ ದೋಣಿಯಲ್ಲಿ ಬರತೊಡಗಿ, ಬೇಸಿಗೆಯ ತಿಂಗಳುಗಳಲ್ಲಿ ಈಗಲೂ ಹಾಗೆಯೇ ಬರುತ್ತಿದೆ.

ಪ್ರವಾಸೋದ್ಯಮವೇ ಭಾಷೆಯನ್ನು ಕೊಂದಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಬರುವ ಹೊತ್ತಿಗೆ ಕೆಲಸ ಬಹುತೇಕ ಮುಗಿದಿತ್ತು. ಆದರೆ ಬರ್ಲಿನ್‌ನವರು ದುಡ್ಡು ಕೊಟ್ಟು ಕೇಳಲು ಬಯಸಿದ್ದು ಜರ್ಮನ್ ಭಾಷೆಯಲ್ಲಿ ಹೇಳಿದ ಸೋರ್ಬಿಯನ್ ಕಥೆಗಳನ್ನು ಎಂಬುದೂ ನಿಜ.

ಕಣಜ

ಕ್ರೋಸ್ಟ್‌ವಿಟ್ಸ್ ಕುರಿತು ನಾನು ಬರೆಯುತ್ತೇನೆ. ಮೇಲ್ ಸೋರ್ಬಿಯನ್ನಿನಲ್ಲಿ ಅದು ಖ್ರೋಶ್ಚಿತ್ಸಿ, ಬಾವುಟ್ಸೆನ್ ಮತ್ತು ಕಾಮೆನ್ಸ್ ನಡುವಿನ ಫಲವತ್ತಾದ ಬಯಲಿನಲ್ಲಿದೆ. ಅದನ್ನು ಉಳಿಸಿದ್ದು ನೀರೂ ಅಲ್ಲ, ಬೆಟ್ಟವೂ ಅಲ್ಲ, ಒಂದು ಮಠ. 1248ರಲ್ಲಿ ಸ್ಥಾಪನೆಯಾದ ಸಾಂಕ್ಟ್ ಮರಿಯೆನ್‌ಶ್ಟೆರ್ನ್ ಎಂಬ ಸಿಸ್ಟರ್ಷಿಯನ್ ಸನ್ಯಾಸಿನಿಯರ ಮಠ ಸುತ್ತಲಿನ ಹಳ್ಳಿಗಳ ಒಡೆತನ ಹೊಂದಿತ್ತು. ಸುತ್ತಮುತ್ತಲ ಎಲ್ಲರೂ ಲೂಥರನ್ ಆದಾಗಲೂ ಈ ಮಠ ಕ್ಯಾಥೊಲಿಕ್ ಆಗಿಯೇ ಉಳಿಯಿತು, ಅದರೊಂದಿಗೆ ಕ್ರೋಸ್ಟ್‌ವಿಟ್ಸ್‌ನಂತಹ ಊರುಗಳೂ ಉಳಿದವು. ಹೀಗಾಗಿ ಧರ್ಮದ ಗಡಿಯೂ ಭಾಷೆಯ ಗಡಿಯೂ ಒಂದೇ ಆದವು. ನೆರೆಯ ಲೂಥರನ್ ಜರ್ಮನ್ನರೊಂದಿಗೆ ಮದುವೆ ಸಂಬಂಧ ಬೆಳೆಸುವುದು ಅಪರೂಪವಾಯಿತು. ಪಾದ್ರಿಗಳು ಅದೇ ಊರುಗಳ ಸೋರ್ಬಿಯನ್ ಹುಡುಗರೇ. ಈಸ್ಟರ್ ದಿನ ಕುದುರೆ ಏರಿ, ಕರಿಯ ಕೋಟು ತೊಟ್ಟು, ಸೋರ್ಬಿಯನ್ ಸ್ತೋತ್ರ ಹಾಡುತ್ತ ನೆರೆಯ ಚರ್ಚಿಗೆ ಮೆರವಣಿಗೆ ಹೋಗುವ ಪದ್ಧತಿ ಇಂದಿಗೂ ಅಲ್ಲಿ ನಡೆಯುತ್ತದೆ, ಅದನ್ನು ಅವರು ಪ್ರವಾಸಿಗಳಿಗಾಗಿ ಮಾಡುವುದಿಲ್ಲ.

1912ರಲ್ಲಿ ಹೊಯೆರ್ಸ್‌ವೆರ್ಡಾದಲ್ಲಿ ಸ್ಥಾಪನೆಯಾದ ಡೊಮೊವಿನಾ ಎಂಬ ಸೋರ್ಬಿಯನ್ ಒಕ್ಕೂಟವನ್ನು ನಾಜಿಗಳು 1937ರಲ್ಲಿ ನಿಷೇಧಿಸಿದರು. ಯುದ್ಧ ಮುಗಿದ ಎರಡೇ ದಿನಗಳಲ್ಲಿ, 1945ರ ಮೇ 10ರಂದು, ಅದಕ್ಕೆ ಮರುಜೀವ ಬಂದದ್ದು ಕ್ರೋಸ್ಟ್‌ವಿಟ್ಸ್‌ನಲ್ಲಿಯೇ. ಹಾಗೆಂದು ಈ ಊರನ್ನು ಕೋಟೆಯೆಂದು ಭಾವಿಸಬೇಡಿ. 2001ರಲ್ಲಿ ಐದನೇ ತರಗತಿಗೆ ಸಾಕಷ್ಟು ಮಕ್ಕಳಿಲ್ಲವೆಂದು ಸ್ಯಾಕ್ಸನಿ ಸರ್ಕಾರ ಅಲ್ಲಿಯ ಮಾಧ್ಯಮಿಕ ಶಾಲೆಯಲ್ಲಿ ಆ ತರಗತಿ ನಡೆಸಲು ಬಿಡದಿದ್ದಾಗ ಪೋಷಕರು ದೊಡ್ಡ ಹೋರಾಟ ನಡೆಸಿದರು. ಆದರೂ ಶಾಲೆ 2003ರಲ್ಲಿ ಮುಚ್ಚಿತು.

ಬೆಳ್ಳಿಚುಕ್ಕಿ

ಕಣಜ ಅವರ ಬರಹ ಓದಿದ ಮೇಲೆ ನನ್ನ ಆಕ್ಷೇಪವನ್ನು ಸ್ವಲ್ಪ ತಿದ್ದಿ ಮುಂದಿಡುತ್ತೇನೆ. ಎರಡೂ ಕಡೆ ತೀರ್ಮಾನ ಮಾಡಿದ್ದು ಚರ್ಚಿನ ಭಾಷೆ ಎಂದಾಯಿತು. ಹಾಗಾದರೆ ಲೂಥರನ್ ಬುರ್ಗ್ 20ನೇ ಶತಮಾನದಲ್ಲಿ ಸೋತದ್ದೇಕೆ? ಅಲ್ಲಿ ಪುಸ್ತಕವೂ ಇತ್ತು, ಪತ್ರಿಕೆಯೂ ಇತ್ತು.

ತಾಳೆಗರಿ

ಏಕೆಂದರೆ ಅಲ್ಲಿಯ ಚರ್ಚ್ ಪ್ರಷ್ಯಾ ಸರ್ಕಾರದ ಅಂಗವೇ ಆಗಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರ ಶಾಲೆಗಳಿಂದ ಸೋರ್ಬಿಯನ್ ಭಾಷೆಯನ್ನು ಹೊರದೂಡತೊಡಗಿದಾಗ ಅದನ್ನು ತಡೆಯುವ ಸ್ವತಂತ್ರ ಶಕ್ತಿ ಅಲ್ಲಿರಲಿಲ್ಲ. ನಾಜಿ ಕಾಲದಲ್ಲಿ ಸೋರ್ಬಿಯನ್ ಶಿಕ್ಷಕರನ್ನೂ ಪಾದ್ರಿಗಳನ್ನೂ ದೂರದ ಊರುಗಳಿಗೆ ವರ್ಗಾಯಿಸಿದರು. ಮಿನಾ ವಿಟ್ಕೊಯ್ಟ್ಸ್ ಅವರಿಗೂ ಬರೆಯದಂತೆ ನಿರ್ಬಂಧ ಬಂತು. ಬುರ್ಗ್ ಸೋತದ್ದು ಲೇಡೆಗಿಂತ ಬಹಳ ತಡವಾಗಿ ಎಂಬುದಷ್ಟೇ ನನ್ನ ವಾದ, ಸೋಲಲಿಲ್ಲ ಎಂದಲ್ಲ.

ಕಾಟ್‌ಬುಸ್‌ವಾಸಿ

ಯುದ್ಧದ ನಂತರದ ಕಾಲಕ್ಕೆ ಕಲ್ಲಿದ್ದಲನ್ನು ಸೇರಿಸದಿದ್ದರೆ ಲೇಡೆಯ ಕಥೆ ಅಪೂರ್ಣ. ಲುಸಾಟಿಯಾದ ನೆಲದಡಿಯ ಲಿಗ್ನೈಟ್‌ಗಾಗಿ ನೂರಕ್ಕೂ ಹೆಚ್ಚು ಊರುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಅಗೆದು ಹಾಕಲಾಯಿತು, ಅವುಗಳಲ್ಲಿ ಅನೇಕವು ಸೋರ್ಬಿಯನ್ ಊರುಗಳು. ಪೂರ್ವಕ್ಕಿರುವ ಹೊರ್ನೊ ಗ್ರಾಮದ ನಿವಾಸಿಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2000ದಲ್ಲಿ ಸೋತರು. ಲೇಡೆಯ ಅಡಿಯಲ್ಲಿ ಗಣಿ ಬರಲಿಲ್ಲ, ಆದರೆ ಪಕ್ಕದ ಲ್ಯೂಬೆನಾವ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಬೃಹತ್ ವಿದ್ಯುತ್ ಸ್ಥಾವರ ಎದ್ದಿತು. ದೇಶದ ನಾನಾ ಕಡೆಯಿಂದ ಬಂದ ಕಾರ್ಮಿಕರಿಗಾಗಿ ಹೊಸ ಬಡಾವಣೆ ಬೆಳೆದು, ಪಟ್ಟಣದ ಸ್ವರೂಪವೇ ಬದಲಾಯಿತು. ಸ್ಥಾವರ ಮುಚ್ಚಿದ್ದು 1996ರಲ್ಲಿ.

ಇನ್ನೊಂದು ಸಂಬಂಧ ನೀರಿನದು. ಗಣಿ ಒಣಗಿಸಲು ದಶಕಗಳ ಕಾಲ ಅಂತರ್ಜಲವನ್ನು ಮೇಲೆತ್ತಿ ಶ್ಪ್ರೇ ನದಿಗೆ ಬಿಡಲಾಯಿತು, ಇಂದು ನದಿಯಲ್ಲಿ ಕಾಣುವ ನೀರಿನ ದೊಡ್ಡ ಪಾಲು ಅದೇ. ಜರ್ಮನಿ 2038ರೊಳಗೆ ಕಲ್ಲಿದ್ದಲನ್ನು ಬಿಡಬೇಕಿದೆ. ಪಂಪುಗಳು ನಿಂತರೆ ಕೆಲವು ಬೇಸಿಗೆಯ ತಿಂಗಳುಗಳಲ್ಲಿ ಶ್ಪ್ರೇ ತನ್ನ ನೀರಿನ ಮುಕ್ಕಾಲು ಪಾಲಿನವರೆಗೆ ಕಳೆದುಕೊಳ್ಳಬಹುದೆಂದು ಜರ್ಮನಿಯ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ಹಳೆಯ ಗಣಿಗಳಲ್ಲಿ ಅಂತರ್ಜಲ ಮತ್ತೆ ಏರುವಾಗ ಕರಗಿ ಬರುವ ಕಬ್ಬಿಣದ ಅಂಶದಿಂದ ನದಿ ಕೆಲವು ಕಡೆ ಕೆಂಗಂದು ಬಣ್ಣಕ್ಕೆ ತಿರುಗಿದೆ. 1990ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿತವಾಗಿ, ಮರುವರ್ಷ ಯುನೆಸ್ಕೊ ಮಾನ್ಯತೆ ಪಡೆದ ಶ್ಪ್ರೇವಾಲ್ಡ್‌ನೊಳಗೆ ಆ ಕೆಸರು ಬರದಂತೆ ಮೇಲಿನ ಹಳ್ಳಗಳಲ್ಲೇ ತಡೆಯುವ ಕೆಲಸ ನಡೆಯುತ್ತಿದೆ.

ನದಿಪಾತ್ರ

ಅಂದರೆ ನಾನು ಪ್ರಕೃತಿಯ ಕೊಡುಗೆ ಎಂದುಕೊಂಡಿದ್ದ ಆ ನೀರಿನಲ್ಲೂ ಗಣಿಯ ಪಾಲಿದೆ ಎಂದಾಯಿತು. ಕೊನೆಯದಾಗಿ ಒಂದು ಸಂದೇಹ: ಕಾನೂನಿನ ದೃಷ್ಟಿಯಲ್ಲಿ ಇಂತಹ ಊರಿನವರು ತಮ್ಮನ್ನು ಸೋರ್ಬಿಯನ್ನರೆಂದು ಹೇಳಿಕೊಳ್ಳಬೇಕಾದರೆ ಭಾಷೆ ಬರಬೇಕೇ?

ಕಣಜ

ಬೇಕಾಗಿಲ್ಲ. ಬ್ರಾಂಡೆನ್‌ಬುರ್ಗ್‌ನ ಸಂವಿಧಾನದ 25ನೇ ವಿಧಿ ಸೋರ್ಬಿಯನ್ನರ ಹಕ್ಕುಗಳನ್ನು ಕಾಯುತ್ತದೆ, 1994ರಲ್ಲಿ ಪ್ರತ್ಯೇಕ ಕಾನೂನೂ ಬಂತು. ಯಾರು ತಮ್ಮನ್ನು ಸೋರ್ಬಿಯನ್ ಎಂದುಕೊಳ್ಳುತ್ತಾರೋ ಅವರು ಸೋರ್ಬಿಯನ್. ಅದನ್ನು ಅಧಿಕಾರಿಗಳು ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತೆಯೂ ಇಲ್ಲ. ನಾಜಿ ಕಾಲದ ಅನುಭವದ ನಂತರ ಜರ್ಮನಿಯಲ್ಲಿ ಜನಾಂಗದ ಆಧಾರದ ಮೇಲೆ ಜನಗಣತಿ ಮಾಡುವುದಿಲ್ಲ. ಹೀಗಾಗಿ ಮೇಲ್ ಮತ್ತು ಕೆಳ ಸೋರ್ಬಿಯನ್ನರು ಸೇರಿ ಸುಮಾರು 60,000 ಎಂದು ಎಲ್ಲೆಡೆ ಹೇಳುವ ಸಂಖ್ಯೆ ಒಂದು ಅಂದಾಜು ಮಾತ್ರ. ಲೇಡೆಯ ಮನೆಯೊಂದರಲ್ಲಿ ಒಂದು ಸೋರ್ಬಿಯನ್ ವಾಕ್ಯವನ್ನೂ ಆಡಲಾರದ ಒಬ್ಬರು ತಾವು ಸೋರ್ಬಿಯನ್ ಎಂದರೆ ಅವರ ಮಾತೇ ಅಂತಿಮ.